ಕಪ್ಪು ಬ್ಲೌಸಿನ ಕಂಕುಳಲ್ಲಿ ಬಿಳಿ ಕಲೆ: ಬಿಡಿಸಿದ್ದು, ಪ್ಯಾಡ್ ಹೊಲಿದಿದ್ದು, ಡಿಯೋ ಹಚ್ಚೋದನ್ನ ಬದಲಾಯಿಸಿದ್ದು

ಕೈಗೆ ಬಂದಿರೋ ಕೆಲಸ ಇಷ್ಟು. ಒಂದು ಕಪ್ಪು ಟೂ ಬೈ ಟೂ ರುಬಿಯಾ (ಬ್ಲೌಸಿಗೆ ಬಳಸೋ ತೆಳು ಕಾಟನ್) ಬ್ಲೌಸು, ಒಂದು ನೇವಿ ಬ್ಲೂ ಕ್ರೇಪ್ ಕುರ್ತಾ, ಎರಡಕ್ಕೂ ಕಂಕುಳಲ್ಲಿ ಬಿಳಿ ಕಲೆ. ನಮ್ಮ ಅಕ್ಕನ ಮಗಳದ್ದು. ಅವಳು ಸ್ಕೂಲ್ ಟೀಚರ್, ದಿನಾ ಕೈ ಎತ್ತಿ ಬೋರ್ಡ್ ಮೇಲೆ ಬರೀಬೇಕು, ಮಕ್ಕಳು ಹಿಂದೆ ಕೂತು ನೋಡ್ತಿರ್ತಾರೆ, ಹಂಗಾಗಿ ಇದು ಸಣ್ಣ ವಿಷ್ಯ ಅಲ್ಲ. "ಚಿಕ್ಕಮ್ಮ, ಕಪ್ಪು ಹಾಕೋದೇ ಬಿಟ್ಬಿಡ್ಲಾ?" ಅಂತ ಕೇಳಿದ್ಲು. ಬಿಡೋದೇನೂ ಬೇಡ ಅಂದೆ. ನಾನು ದಾವಣಗೆರೇಲಿ ಬ್ಲೌಸ್ ಹೊಲಿಯೋಳು, ಬೇಸಿಗೆ ಬಂತು ಅಂದ್ರೆ ಕಂಕುಳ ರಿಪೇರಿಗೆ ಅಂತಾನೇ ಬಟ್ಟೆ ಬರ್ತಾವೆ, ಲೈನಿಂಗ್ ಗಟ್ಟಿ ಆಗಿರೋವು, ಬಣ್ಣ ಹೋಗಿರೋವು, ಬಿಳಿ ಕೂತಿರೋವು. ಈ ಸಲ ಕಲೆ ತೆಗೆದು ಕೊಟ್ಟು ಕೈ ತೊಳ್ಕೊಳ್ಳೋದು ಬೇಡ, ಕಲೆ ಎಲ್ಲಿಂದ ಬರ್ತೈತೆ ಅಂತ ಬುಡದಿಂದಲೇ ನೋಡೋಣ ಅಂತ ಕೂತೆ. ಮಾಡಿದ್ದೆಲ್ಲ ಬರೀತಿದೀನಿ, ಯಾರಿಗಾದ್ರೂ ಉಪಯೋಗ ಆಗುತ್ತೆ.

ಮೊದಲು ಯಾವ ಬಿಳಿ ಅಂತ ಗೊತ್ತಾಗ್ಬೇಕು. ಎಲ್ಲರೂ ಡಿಯೋದ್ದೇ ತಪ್ಪು ಅಂತಾರೆ, ಆದ್ರೆ ನನ್ನ ಹತ್ರ ಬರೋ ಬಟ್ಟೇಲಿ ಬಿಳಿ ಬೇರೆ ಬೇರೆ ಥರ ಇರುತ್ತೆ. ಒಂದು ಬೆವರಿನ ಉಪ್ಪು. ಇದು ಅಂಚು ಅಂಚಾಗಿ, ಅಲೆ ಬಂದು ನಿಂತಂಗೆ ಗೆರೆ ಗೆರೆಯಾಗಿ ಕಾಣುತ್ತೆ, ಕಂಕುಳಿಂದ ಕೆಳಗೆ ಬೆನ್ನಿನವರೆಗೂ ಇರ್ಬಹುದು. ಇನ್ನೊಂದು ಟಾಲ್ಕಂ ಪೌಡರ್, ನಮ್ಮ ಕಡೆ ಸ್ನಾನ ಆದ ತಕ್ಷಣ ಕಂಕುಳಿಗೆ ಪೌಡರ್ ಹಾಕೋ ರೂಢಿ ಇನ್ನೂ ಬಾಳ ಮನೇಲಿ ಐತೆ, ಅದು ಬೆವರಿಗೆ ಕಲಸಿ ಹೊಲಿಗೆ ಸಂದೀಲಿ ಹೋಗಿ ಕೂರುತ್ತೆ. ಮೂರನೇದು ಬೋರ್ ನೀರಿನ ಗಡಸು, ಸೋಪು ಸರಿಯಾಗಿ ಹೋಗ್ದೆ ಮಂಕಾಗಿ ಬಿಳಿ ಉಳಿಯೋದು. ಆದ್ರೆ ಅದು ಕಂಕುಳಲ್ಲಿ ಮಾತ್ರ ಇರಲ್ಲ, ಬಟ್ಟೆ ತುಂಬಾ ಇರುತ್ತೆ, ಮಡಿಕೆ ಇರೋ ಕಡೆ ಜಾಸ್ತಿ. ಕೊನೇದು ಡಿಯೋ ಸ್ಟಿಕ್ಕು, ಕ್ರೀಮು, ರೋಲ್ ಆನ್ ಬಿಡೋ ಬಿಳಿ.

ಗುರುತು ಹಿಡಿಯೋಕೆ ಇಯರ್ ಬಡ್ ನೀರಲ್ಲಿ ಅದ್ದಿ ಕಲೆ ಮೇಲೆ ಒಂದು ಹನಿ ಇಡಿ, ಕಣ್ಣು ಹತ್ರ ಇಟ್ಟು ನೋಡಿ. ಉಪ್ಪಾದ್ರೆ ಹನಿ ತಾಗಿದ ಕೂಡ್ಲೇ ಮಾಯ, ಒಣಗಿದ ಮೇಲೆ ಹನಿಯ ಅಂಚಲ್ಲಿ ಉಂಗುರದ ಥರ ಮತ್ತೆ ಎದ್ದು ಬರುತ್ತೆ. ಪೌಡರ್ ಆದ್ರೆ ನೀರೇ ಬೇಡ, ಒಣ ಬ್ರಷ್ಷಿಗೇ ಉದುರುತ್ತೆ. ಮೇಣ ಇರೋ ಸ್ಟಿಕ್ ಡಿಯೋ ಆದ್ರೆ ಹನಿ ಒಳಗೆ ಇಳಿಯಲ್ಲ, ಗುಂಡಗೆ ಮೇಲೇ ನಿಲ್ಲುತ್ತೆ, ಬಡ್ ತಿಕ್ಕಿದ್ರೆ ತುದೀಲಿ ಸುಣ್ಣದಂಥ ಜಿಡ್ಡು ಬರುತ್ತೆ. ಕುರ್ತಾದಲ್ಲಿ ಹನಿ ಹಂಗೇ ನಿಂತ್ಕೊಂತು. ಬ್ಲೌಸಲ್ಲಿ ಎರಡೂ ಇತ್ತು, ಮೇಲೆ ಹೊಸ ಬಿಳಿ, ಒಳಗೆ ಲೈನಿಂಗಲ್ಲಿ ಹಳೇದು ಪದರ ಪದರವಾಗಿ ಕೂತು ಬಟ್ಟೆ ರಟ್ಟಿನಂಗೆ ಆಗಿತ್ತು.

ಕುರ್ತಾ ಸುಲಭದ್ದು. ಹೊಸ ಕಲೆಗೆ ನೀರು ಹಾಕ್ಲೇಬಾರ್ದು, ನೀರು ಬಿದ್ರೆ ಅದು ಪೇಸ್ಟ್ ಆಗಿ ನೂಲಿನ ಒಳಗೆ ಹೋಗುತ್ತೆ. ಒಣ ಬಟ್ಟೆ ಮೇಲೆ ಒಣ ಫೋಮು ತಿಕ್ಕಬೇಕು. ಬ್ಲೌಸಿಗೆ ಹಾಕೋ ಕಪ್ ಇರ್ತಾವಲ್ಲ, ಹಳೇದೊಂದು ತಗೊಂಡು ಮೇಲಿನ ಬಟ್ಟೆ ಕಿತ್ತು ಬರೀ ಫೋಮ್ ಮಾಡ್ಕೊಂಡೆ, ಒಂದೇ ದಿಕ್ಕಿಗೆ ಮೆಲ್ಲಗೆ ಎಳೀತಾ ಹೋದ್ರೆ ಬಿಳಿ ಫೋಮಿನ ತೂತಿಗೆ ಹೋಗಿ ಸೇರುತ್ತೆ, ಕ್ರೇಪ್ ಮತ್ತೆ ನೀಲಿ ಆಯ್ತು. ಫೋಮ್ ಇಲ್ಲಾಂದ್ರೆ ನೈಲಾನ್ ಸಾಕ್ಸ್ ಆಗುತ್ತೆ, ಏನೂ ಇಲ್ಲಾಂದ್ರೆ ಅದೇ ಕುರ್ತಾದ ಕೆಳಗಿನ ಅಂಚನ್ನೇ ಮೇಲೆ ತಂದು ಕಲೆಗೆ ತಿಕ್ಕಿದ್ರೂ ಬಾಳಷ್ಟು ಹೋಗುತ್ತೆ. ಸ್ಟಾಫ್ ರೂಮಲ್ಲಿ ಕಲೆ ಕಂಡ್ರೆ ಇದೇ ಮಾಡು, ಒದ್ದೆ ಕರ್ಚೀಫ್ ಹಿಡ್ಕೊಂಡು ತಿಕ್ಕಕ್ಕೆ ಹೋಗ್ಬೇಡ ಅಂತ ಅವಳಿಗೆ ಹೇಳಿದೀನಿ.

ಬ್ಲೌಸು ಅಷ್ಟು ಸಲೀಸಾಗಿ ಬಗ್ಗಲಿಲ್ಲ. ಒಳಗಿನ ಮಾರ್ಜಿನ್ ಬಟ್ಟೆ ಮೇಲೆ ಮೊದಲು ಬಿಳಿ ವಿನೆಗರ್ ಒಂದು ಹನಿ ಹಾಕಿ ಬಿಳಿ ಬಟ್ಟೆ ಒತ್ತಿ ನೋಡ್ದೆ, ಕಪ್ಪು ಬಿಡಲಿಲ್ಲ. ಹಂಗಿದ್ರೆ ಮುಂದಿನ ಕೆಲಸ ಧೈರ್ಯವಾಗಿ ಮಾಡ್ಬಹುದು. ಬ್ಲೌಸ್ ಉಲ್ಟಾ ಮಾಡಿ, ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು, ಕಂಕುಳ ಭಾಗ ಮಾತ್ರ ಅರ್ಧ ಗಂಟೆ ನೆನೆ ಹಾಕಿದೆ. ಡಿಯೋದಲ್ಲಿರೋ ಅಲ್ಯೂಮಿನಿಯಂ ಲವಣ ಬೆವರಿಗೂ ಸೋಪಿಗೂ ಸೇರಿ ಗಟ್ಟಿ ಆಗಿರುತ್ತೆ, ಹುಳಿ ಅದನ್ನ ಸಡಿಲ ಮಾಡುತ್ತೆ. ಆಮೇಲೆ ಮೆತ್ತನೆ ಟೂತ್ ಬ್ರಷ್ಷಲ್ಲಿ ಒಳಗಡೆಯಿಂದ ಹೊರಗಡೆಗೆ ತಳ್ಳಂಗೆ ತಿಕ್ಕಿದೆ, ಲಿಕ್ವಿಡ್ ಸೋಪು, ಉಗುರು ಬೆಚ್ಚಗಿನ ನೀರು. ನೀರು ನಲ್ಲೀದೇ ತಗೊಂಡೆ. ಭದ್ರಾ ಕಾಲುವೆಯಿಂದ ಕುಂದುವಾಡ ಕೆರೆಗೆ ಬಂದು ಮನೆಗೆ ಬರೋ ನೀರಿಗೂ ಬೋರ್ ನೀರಿಗೂ ನೊರೆ ನೋಡಿದ್ರೇ ವ್ಯತ್ಯಾಸ ತಿಳಿಯುತ್ತೆ, ಕೊನೇ ಜಾಲಿಸೋದಾದ್ರೂ ಮೆತ್ತಗಿನ ನೀರಲ್ಲಿ ಆಗ್ಬೇಕು, ಇಲ್ಲಾಂದ್ರೆ ಒಂದು ಬಿಳಿ ತೆಗೆದು ಇನ್ನೊಂದು ಬಿಳಿ ಹಾಕ್ದಂಗೆ.

ಇಲ್ಲಿ ಎಲ್ಲರೂ ಗಮನ ಕೊಡ್ಬೇಕಾದ್ದು: ಕಂಕುಳ ಕಲೆಗೆ ಬ್ಲೀಚಿಂಗ್ ಹಾಕ್ಬೇಡಿ. ಕಪ್ಪು ಬಟ್ಟೆಗೆ ಹೆಂಗೂ ಹಾಕಲ್ಲ, ಬಿಳಿ ಶರ್ಟಿಗೂ ಬೇಡ, ಬೆವರು ಡಿಯೋ ಸೇರಿ ಆದ ಹಳದಿ ಕಲೆ ಬ್ಲೀಚಿಗೆ ಇನ್ನೂ ಹಳದಿ ಆಗುತ್ತೆ. ಬ್ಲೀಚಿಗೆ ವಿನೆಗರ್ ಸೇರಿಸೋದಂತೂ ಕೂಡ್ದೇ ಕೂಡ್ದು, ಕ್ಲೋರಿನ್ ಗ್ಯಾಸ್ ಬರುತ್ತೆ, ಬಚ್ಚಲುಮನೆ ಸಣ್ಣದಿದ್ರೆ ಉಸಿರಿಗೇ ಅಪಾಯ. ಕಲೆ ಪೂರ್ತಿ ಹೋಗೋ ತನಕ ಇಸ್ತ್ರಿನೂ ಬೇಡ, ಬಿಸಿ ತಗುಲಿದ್ರೆ ಕಲೆ ಅಲ್ಲೇ ಕಚ್ಕೊಂಡು ಕೂರುತ್ತೆ. ರೇಷ್ಮೆ ಬ್ಲೌಸಾದ್ರೆ ಇದ್ಯಾವ್ದೂ ಮನೇಲಿ ಮಾಡ್ಬೇಡಿ, ಡ್ರೈ ಕ್ಲೀನಿಂಗಿಗೆ ಕೊಡುವಾಗ ಕಲೆ ಎಲ್ಲೈತೆ, ಯಾವ್ದರಿಂದ ಆಯ್ತು ಅಂತ ಬಾಯಿಬಿಟ್ಟು ಹೇಳಿ.

ನೆರಳಲ್ಲಿ ಒಣಗಿಸಿ ನೋಡಿದ್ರೆ ಮೇಲಿನ ರುಬಿಯಾ ಚೆನ್ನಾಗಿ ಬಂತು, ಲೈನಿಂಗ್ ಮಾತ್ರ ಮೆತ್ತಗಾಗ್ಲಿಲ್ಲ. ಅಷ್ಟು ಹಳೇದನ್ನ ತೊಳೆದು ಸರಿ ಮಾಡೋಕೆ ಆಗಲ್ಲ. ಆರ್ಮ್ ಹೋಲ್, ಅಂದ್ರೆ ತೋಳು ಕೂಡಿಸೋ ಕಡೆಯ ಹೊಲಿಗೆ, ಕಂಕುಳ ಭಾಗದಲ್ಲಿ ಮಾತ್ರ ಬಿಚ್ಚಿ, ಗಟ್ಟಿಯಾಗಿದ್ದ ಲೈನಿಂಗ್ ಕತ್ತರಿಸಿ, ಹೊಸ ಕಾಟನ್ ಲೈನಿಂಗ್ ತೇಪೆ ಕೊಟ್ಟೆ. ಹೊಸ ಲೈನಿಂಗ್ ಹಾಕೋ ಮುಂಚೆ ನೀರಲ್ಲಿ ನೆನೆಸಿ ಒಣಗಿಸ್ಲೇಬೇಕು, ಇಲ್ಲಾಂದ್ರೆ ಮೊದಲ ಒಗೆತಕ್ಕೇ ಕುಗ್ಗಿ ಕಂಕುಳು ಎಳೆಯುತ್ತೆ.

ಈಗ ಡಿಯೋ ವಿಚಾರಕ್ಕೆ ಬರ್ತೀನಿ, ಇದರಲ್ಲೇ ನಾನು ಜಾಸ್ತಿ ಹೊತ್ತು ಕೂತಿದ್ದು.

ಅಂಗಡೀಲಿ ಎಲ್ಲಾನೂ ಡಿಯೋ ಅಂತಾನೇ ಕರೀತಾರೆ, ಆದ್ರೆ ಅದರಲ್ಲಿ ಎರಡು ಜಾತಿ. ಡಿಯೋಡರೆಂಟ್ ಅನ್ನೋದು ವಾಸನೆಗೆ. ಬೆವರಿಗೆ ಅದರದ್ದೇ ಆದ ವಾಸನೆ ಹೆಚ್ಚೂಕಮ್ಮಿ ಇಲ್ಲ, ಚರ್ಮದ ಮೇಲಿರೋ ಬ್ಯಾಕ್ಟೀರಿಯಾ ಅದನ್ನ ತಿಂದು ಬಿಡೋದೇ ನಾತ, ಅವನ್ನ ಕಡಿಮೆ ಮಾಡಿ ಪರಿಮಳ ಹಾಕೋದು ಇದರ ಕೆಲಸ. ಆಂಟಿಪರ್ಸ್ಪಿರೆಂಟ್ ಅನ್ನೋದು ಬೆವರಿಗೇ. ಇದರಲ್ಲಿ ಅಲ್ಯೂಮಿನಿಯಂ ಲವಣ ಇರುತ್ತೆ, ಡಬ್ಬಿ ಹಿಂದೆ ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್ ಅಂತನೋ ಅಲ್ಯೂಮಿನಿಯಂ ಜಿರ್ಕೋನಿಯಂ ಅಂತನೋ ಬರೆದಿರ್ತಾರೆ. ಅದು ಬೆವರಲ್ಲಿ ಕರಗಿ ಬೆವರಿನ ನಾಳದ ಬಾಯಲ್ಲಿ ಅಂಟಿನ ಥರ ಆಗಿ ತಾತ್ಕಾಲಿಕವಾಗಿ ಮುಚ್ಚುತ್ತೆ. ಬಿಳಿ ಕಲೆ ಬರೋದು ಮುಖ್ಯವಾಗಿ ಈ ಲವಣದ ಪುಡಿಯಿಂದ, ಜೊತೆಗೆ ಸ್ಟಿಕ್ಕಲ್ಲಿರೋ ಮೇಣ, ಕೆಲವದರಲ್ಲಿ ಟಾಲ್ಕ್, ಅಡುಗೆ ಸೋಡಾ. ಬರೀ ಆಲ್ಕೋಹಾಲೂ ಪರಿಮಳವೂ ಇರೋ ಬಾಡಿ ಸ್ಪ್ರೇ ಬಿಳಿ ಬಿಡೋದು ಬಾಳ ಅಪರೂಪ, ಆದ್ರೆ ಅದು ಬೆವರು ನಿಲ್ಸಲ್ಲ. ನಾತ ಮಾತ್ರ ತೊಂದರೆ, ಬೆವರು ಅಷ್ಟಿಲ್ಲ ಅನ್ನೋರು ಅಲ್ಯೂಮಿನಿಯಂ ಇಲ್ಲದ್ದು ತಗೊಂಡ್ರೆ ಅರ್ಧ ಸಮಸ್ಯೆ ಅಲ್ಲೇ ಮುಗೀತು. ನಮ್ಮ ಹುಡುಗಿಗೆ ಬೆವರೇ ತೊಂದರೆ.

ಡಬ್ಬಿ ಮೇಲೆ 'ಇನ್ವಿಸಿಬಲ್', 'ಕಪ್ಪು ಬಿಳಿ ಬಟ್ಟೆಗೆ' ಅಂತ ಬರೆದಿರೋವು ಬರ್ತಾವೆ. ಅವು ಮೋಸ ಅಲ್ಲ, ಅವರು ಏನು ಮಾಡ್ತಾರೆ ಅಂದ್ರೆ ಲವಣದ ಪುಡಿಗೆ ಎಣ್ಣೆಯಂಥದ್ದು ಸೇರಿಸ್ತಾರೆ, ಪಿಪಿಜಿ-14 ಬ್ಯುಟೈಲ್ ಈಥರ್ ಅಂತ ಹಿಂದೆ ಓದಿದ್ರೆ ಕೆಲವದರಲ್ಲಿ ಸಿಗುತ್ತೆ. ಮಿರ್ಚಿ ಕಟ್ಟಿ ಕೊಟ್ಟ ಪೇಪರು ಎಣ್ಣೆ ಹೀರಿದ ಜಾಗದಲ್ಲಿ ಆಚೆ ಕಡೆಯದ್ದು ಕಾಣಂಗೆ ಆಗುತ್ತಲ್ಲ, ಅದೇ ಲೆಕ್ಕ: ಪುಡಿ ಅಲ್ಲೇ ಇರುತ್ತೆ, ಅದರ ಸುತ್ತ ಎಣ್ಣೆ ತುಂಬ್ಕೊಂಡಿರೋದ್ರಿಂದ ಬೆಳಕು ಚದುರಲ್ಲ, ಬಿಳಿ ಕಾಣಲ್ಲ. ಕಪ್ಪು ಕಾಟನ್ನಿಗೆ, ಪಾಲಿಯೆಸ್ಟರಿಗೆ ಇದು ಸರಿ. ರೇಷ್ಮೆ, ಸ್ಯಾಟಿನ್‌ಗೆ ಅದೇ ಎಣ್ಣೆ ಜಿಡ್ಡಿನ ಕಲೆ ಆಗೋ ಸಂಭವ ಐತೆ, ಅಂಥ ಬಟ್ಟೆ ಹಾಕೋ ದಿನ ನಾನು ಅದನ್ನ ಬೇಡ ಅಂತೀನಿ.

ಹೇಳಿದ್ದನ್ನ ನಂಬಿ ಕೂರೋ ಬದಲು ಪರೀಕ್ಷೆಗೆ ಒಂದು ಪಟ್ಟಿ ಹೊಲಿದೆ. ಕತ್ತರಿಸಿ ಉಳಿದ ತುಂಡುಗಳಿಗೆ ನಮ್ಮ ಅಂಗಡೀಲಿ ಬರಾನೇ ಇಲ್ಲ. ಕಪ್ಪು ರುಬಿಯಾ, ಕಪ್ಪು ಕ್ರೇಪ್, ಕಪ್ಪು ಸ್ಯಾಟಿನ್, ಕಪ್ಪು ಹೊಸಿಯರಿ, ಒಂದೊಂದು ಅಂಗೈ ಅಗಲದ್ದು, ಸಾಲಾಗಿ ಒಂದು ಲೈನಿಂಗ್ ಪಟ್ಟಿ ಮೇಲೆ ಹೊಲಿದು, ಪಕ್ಕಕ್ಕೆ ಟೈಲರ್ ಚಾಕಲ್ಲಿ ಹೆಸರು ಬರ್ಕೊಳ್ಳೋಕೆ ಜಾಗ. ಮೊಣಕೈ ಒಳಭಾಗದಲ್ಲಿ ಡಿಯೋ ಹಚ್ಕೊಂಡು, ಹೊತ್ತು ನೋಡ್ಕೊಂಡು, ಬಟ್ಟೆ ಒತ್ತಿ ಒಂದು ಸಲ ಎಳೆಯೋದು. ಕಂಕುಳಲ್ಲಿ ಬಟ್ಟೆ ಒತ್ತೋದಷ್ಟೇ ಅಲ್ಲ, ಉಜ್ಜುತ್ತೆ, ಅದಕ್ಕೆ ಎಳೀಲೇಬೇಕು.

ಕಂಡಿದ್ದು ಹೇಳ್ತೀನಿ. ಪೌಡರ್ ಎಷ್ಟು ಹೊತ್ತು ಬಿಟ್ರೂ ಕಲೆ, ಅದು ಒಣಗೋ ವಸ್ತುವೇ ಅಲ್ಲ. ಮೇಣದ ಸ್ಟಿಕ್ಕೂ ಹಂಗೇ, ಹೊತ್ತಿಗಿಂತ ಎಷ್ಟು ದಪ್ಪ ಹಚ್ಚಿದೀವಿ ಅನ್ನೋದೇ ಅಲ್ಲಿ ಲೆಕ್ಕ, ತೆಳ್ಳಗೆ ಹಚ್ಚಿ ಬೆರಳಲ್ಲಿ ತಿಕ್ಕಿ ಸೇರಿಸಿದ್ರೆ ಬಾಳ ಕಡಿಮೆ ಆಗುತ್ತೆ. ರೋಲ್ ಆನ್ ಮಜಾ ಐತೆ: ಹಚ್ಚಿದ ತಕ್ಷಣ ಒತ್ತಿದ್ರೆ ಬಟ್ಟೆ ಮೇಲೆ ಬರೀ ಒದ್ದೆ ಕಾಣುತ್ತೆ, ಬಿಳಿ ಏನಿಲ್ಲ, ಸರಿ ಹೋಯ್ತು ಅಂತ ಮನೆಯಿಂದ ಹೊರಡ್ತಾರೆ, ಅದು ಒಣಗ್ತಾ ಒಣಗ್ತಾ ಅಂಚಿಂದ ಒಳಕ್ಕೆ ಬೆಳ್ಳಗೆ ಪೊರೆ ಕಟ್ಟುತ್ತೆ, ಸ್ಕೂಲಿಗೆ ಹೋಗಿ ಕೈ ಎತ್ತೋ ಹೊತ್ತಿಗೆ ಕರೆಕ್ಟಾಗಿ ತಯಾರು. ಚರ್ಮದ ಮೇಲೇ ಒಣಗೋಕೆ ಬಿಟ್ಟು ಆಮೇಲೆ ಒತ್ತಿದ್ರೆ ಅದೇ ರೋಲ್ ಆನ್ ರುಬಿಯಾ ಮೇಲೆ ಏನೂ ಬಿಡಲಿಲ್ಲ, ಸ್ಯಾಟಿನ್ ಮೇಲೆ ಮಾತ್ರ ತೆಳು ಗೆರೆ. ರೋಲ್ ಆನಿನ ಗುಂಡು ಬಾಲ್ ಪೆನ್ನಿನ ಉಪಾಯದಿಂದಲೇ ಬಂದಿದ್ದು, ಹೆಲೆನ್ ಬಾರ್ನೆಟ್ ಡಿಸೆರೆನ್ಸ್ ಅನ್ನೋ ಅಮೆರಿಕದ ಹೆಣ್ಣುಮಗಳ ಕೆಲಸ, 1950ರ ದಶಕದ ಶುರುವಲ್ಲಿ. ಪೆನ್ನು ಒಂದೇ ಗೆರೆಗೆ ಬೇಕಾದಷ್ಟು ಇಂಕು ಬಿಡೋ ಹಂಗೆ ಇದೂ ಮೇಲಿಂದ ಕೆಳಗೆ ಒಂದೆರಡು ಸಲ ಉರುಳಿಸಿದ್ರೆ ಬೇಕಾದಷ್ಟು ಬಂದಿರುತ್ತೆ, ಬಳಿಯೋದು ಬೇಡ. ಸ್ಪ್ರೇಲಿ ಅಲ್ಯೂಮಿನಿಯಂ ಇದ್ರೆ ಹತ್ರದಿಂದ ಹೊಡೆದ ಕಡೆ ಬಿಳಿ ಮಚ್ಚೆ ಬಂತು, ಒಂದು ಗೇಣು ದೂರ ಹಿಡಿದು ಹೊಡೆದಾಗ ಬರಲಿಲ್ಲ. 15 ಸೆಂಟಿಮೀಟರಿಗಿಂತ ಹತ್ರ ತರ್ಬೇಡಿ. ಮತ್ತೆ ಈ ಡಬ್ಬಿಗಳಲ್ಲಿ ಬ್ಯುಟೇನ್, ಪ್ರೊಪೇನ್ ಥರದ ಗ್ಯಾಸ್ ತುಂಬಿರ್ತಾರೆ, ದೇವರ ಮನೆ ದೀಪ, ಒಲೆ ಹತ್ರ ಹೊಡೀಬೇಡಿ.

ಪಟಿಕ ಹೆಂಗೆ ಅಂತ ಬಾಳ ಜನ ಕೇಳ್ತಾರೆ. ಕ್ಷೌರದ ಅಂಗಡೀಲಿ ಇಟ್ಟಿರ್ತಾರಲ್ಲ ಅದೇ ಗಟ್ಟಿ. ಒದ್ದೆ ಮಾಡಿ ಕಂಕುಳಿಗೆ ಸವರಿದ್ರೆ ನಾತಕ್ಕೆ ಒಳ್ಳೇದು, ಪದರ ತೆಳ್ಳಗಿದ್ರೆ ಕಲೆನೂ ಕಾಣಲ್ಲ. ಇದೂ ಅಲ್ಯೂಮಿನಿಯಂ ಲವಣವೇ, ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟು, ಹಂಗಾಗಿ ಅಲ್ಯೂಮಿನಿಯಂ ಬೇಡ ಅಂತ ಪಟಿಕಕ್ಕೆ ಹೋಗೋದ್ರಲ್ಲಿ ಅರ್ಥ ಇಲ್ಲ. ಅಡುಗೆ ಸೋಡಾ ಮಾತ್ರ ಸವರ್ಬೇಡಿ, ಚರ್ಮ ಸ್ವಲ್ಪ ಆಮ್ಲ ಗುಣದ್ದು, ಸೋಡಾ ಕ್ಷಾರ, ದಿನಾ ಹಾಕಿದ್ರೆ ಉರಿ ಬಂದು ಕಪ್ಪಾಗೋರೂ ಅದಾರೆ, ಬಿಳಿ ಪುಡಿ ಬಟ್ಟೆಗೆ ಹತ್ತೋದು ಬೇರೆ.

ಇಷ್ಟೆಲ್ಲ ನೋಡಿದ ಮೇಲೆ ನಾನು ಅವಳಿಗೆ ಹೊಸ ಡಬ್ಬಿ ಕೊಡಿಸ್ಲಿಲ್ಲ, ಹಚ್ಚೋ ಹೊತ್ತು ಬದಲಾಯಿಸಿದೆ. ಆಂಟಿಪರ್ಸ್ಪಿರೆಂಟ್ ಹಚ್ಚೋಕೆ ಸರಿಯಾದ ಹೊತ್ತು ರಾತ್ರಿ ಮಲಗೋ ಮುಂಚೆ. ರಾತ್ರಿ ಬೆವರು ಕಡಿಮೆ, ಲವಣ ನಾಳದ ಬಾಯಿಗೆ ಇಳಿದು ಗಟ್ಟಿ ಆಗೋಕೆ ಸಮಯ ಸಿಗುತ್ತೆ. ಬೆಳಿಗ್ಗೆ ಬೆವರ್ತಿರೋ ಚರ್ಮಕ್ಕೆ ಹಚ್ಚಿದ್ರೆ ಬೆವರೇ ಅದನ್ನ ತೊಳ್ಕೊಂಡು ಬಟ್ಟೆಗೆ ತಂದು ಹಾಕುತ್ತೆ. ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ ಮಾಡಿದ್ರೆ ಮೇಲೆ ಉಳಿದಿರೋ ಬಿಳಿ ನೀರಿಗೆ ಹೋಗುತ್ತೆ, ಒಳಗೆ ಕೂತಿರೋದು ಹೋಗಲ್ಲ, ಕೆಲಸ ಮುಂದುವರಿಯುತ್ತೆ. ಅಂದ್ರೆ ಬ್ಲೌಸ್ ಹಾಕೋ ಹೊತ್ತಿಗೆ ಕಂಕುಳಲ್ಲಿ ಬಟ್ಟೆಗೆ ಹತ್ತೋ ವಸ್ತುವೇ ಇರಲ್ಲ! ಇದೊಂದು ಗೊತ್ತಾದ್ರೆ ಯಾವ ಡಬ್ಬಿ ಅನ್ನೋ ಚಿಂತೆ ಮುಕ್ಕಾಲು ಪಾಲು ಕಮ್ಮಿ.

ಹಚ್ಚೋ ಮುಂಚೆ ಕಂಕುಳು ಪೂರ್ತಿ ಒಣಗಿರ್ಬೇಕು, ಟವೆಲಲ್ಲಿ ಒತ್ತಿ, ಫ್ಯಾನ್ ಕೆಳಗೆ ಕೈ ಎತ್ಕೊಂಡು ಸ್ವಲ್ಪ ಹೊತ್ತು. ಶೇವ್ ಮಾಡಿದ ರಾತ್ರಿ ಹಚ್ಬೇಡಿ, ಉರಿಯುತ್ತೆ. ಏಪ್ರಿಲ್ಲಲ್ಲಿ ನಮ್ಮೂರ ಒಣ ಬಿಸಿಲಿಗೆ ರೋಲ್ ಆನ್ ಬೇಗ ಒಣಗುತ್ತೆ, ಜುಲೈ ಜಿಟಿಜಿಟಿ ಮಳೇಲಿ ಅದೇ ರೋಲ್ ಆನ್ ಎಷ್ಟೊತ್ತಾದ್ರೂ ಅಂಟಂಟು, ಆಗ ಇನ್ನೂ ತೆಳ್ಳಗೆ ಹಚ್ಬೇಕು. ಬೆಳಿಗ್ಗೆ ಪರಿಮಳ ಬೇಕು ಅನ್ನೋರು ಅಲ್ಯೂಮಿನಿಯಂ ಇಲ್ಲದ ಸ್ಪ್ರೇ ಚೂರು ಹೊಡ್ಕೊಳ್ಳಿ. ತಲೆ ಮೇಲಿಂದ ಹಾಕೋ ಕುರ್ತಾ ಆದ್ರೆ ಕೆಳ ಅಂಚನ್ನ ಹೊರಮುಖವಾಗಿ ಎದೆವರೆಗೂ ಸುತ್ಕೊಂಡು, ಕೈ ಮೊದಲು ತೂರಿಸಿ, ಆಮೇಲೆ ತಲೆ, ಆಮೇಲೆ ಸುತ್ತಿದ್ದು ಬಿಚ್ಚೋದು, ಆಗ ಪಕ್ಕದ ಬಟ್ಟೆ ಕಂಕುಳಿಗೆ ಉಜ್ಜಲ್ಲ.

ಕಿಡ್ನಿ ತೊಂದರೆ ಇರೋರು ಡಾಕ್ಟರ್ ಹತ್ರ ಕೇಳಿ ಹಚ್ಚಿ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಡಬ್ಬಿಗಳ ಮೇಲೆ ಆ ಎಚ್ಚರಿಕೆ ಬರೆಸುತ್ತೆ. ಅದೇ ಎಫ್‌ಡಿಎ ನಿಯಮದಲ್ಲಿ ಆಂಟಿಪರ್ಸ್ಪಿರೆಂಟ್ ಅನ್ನಿಸ್ಕೊಳ್ಳೋಕೆ ಬೆವರು 20% ಕಡಿಮೆ ಆದ್ರೆ ಸಾಕು, ಅಂದ್ರೆ ಪೂರ್ತಿ ನಿಲ್ಸೋ ವಸ್ತು ಇದಲ್ಲ. ಉಳಿದ ಬೆವರಿಗೆ ಬಟ್ಟೆ ಕಡೆಯಿಂದ ದಾರಿ ಮಾಡ್ಬೇಕು. ಸುಮ್ನೆ ಕೂತಿದ್ರೂ ಬಟ್ಟೆ ತೊಟ್ಟಿಕ್ಕೋಷ್ಟು ಬೆವರೋರು ಚರ್ಮದ ಡಾಕ್ಟರಿಗೆ ತೋರಿಸಿ, ಅದಕ್ಕೆ ಚಿಕಿತ್ಸೆ ಐತೆ, ನಾಚ್ಕೊಳ್ಳೋದೇನಿಲ್ಲ.

ಪ್ಯಾಡ್ ಹೊಲಿದಿದ್ದು ಹಿಂಗೆ. ಅಂಗಡೀಲಿ ಸಿಗೋ ಅಂಟಿಸೋ ಪ್ಯಾಡು ಒಂದು ದಿನಕ್ಕೆ ಸರಿ, ಅಂಟು ಬಟ್ಟೇಲಿ ಉಳಿಯುತ್ತೆ, ದಿನಾ ಹಾಕೋಕೆ ನನಗೆ ಇಷ್ಟ ಇಲ್ಲ. ಬ್ಲೌಸಿನ ಆರ್ಮ್ ಹೋಲನ್ನ ಪೇಪರ್ ಮೇಲಿಟ್ಟು, ಪಕ್ಕದ ಹೊಲಿಗೆಯಿಂದ ಎರಡೂ ಕಡೆಗೆ ಎರಡೂವರೆ ಇಂಚು ಬರೋ ಹಂಗೆ ಕೆಳಗಿನ ಬಳುಕು ಗೆರೆ ಎಳ್ಕೊಂಡೆ, ಅಲ್ಲಿಂದ ಕೆಳಕ್ಕೆ ಎರಡು ಇಂಚು ಇಳಿಸಿ ಅರ್ಧ ಚಂದ್ರದ ಥರ ಗುಂಡಗೆ ಮುಗಿಸಿದೆ. ಒಂದು ಕಂಕುಳಿಗೆ ಇಂಥವು ಎರಡು, ಒಂದು ಮೈ ಕಡೆಗೆ, ಒಂದು ತೋಳಿನ ಒಳಕ್ಕೆ. ತೋಳಿಂದು ಅರ್ಧ ಇಂಚು ಗಿಡ್ಡ ಇರ್ಬೇಕು, ಇಲ್ಲಾಂದ್ರೆ ಸಣ್ಣ ತೋಳಿನ ಬ್ಲೌಸಲ್ಲಿ ಕೈ ಎತ್ತಿದಾಗ ಇಣುಕುತ್ತೆ.

ಪದರ ಮೂರು. ಚರ್ಮಕ್ಕೆ ತಾಗೋದು ಹಳೇ ಕಾಟನ್ ಪಂಚೆ, ಎಷ್ಟು ಒಗೆದಿದ್ರೆ ಅಷ್ಟು ಚೆನ್ನಾಗಿ ಹೀರುತ್ತೆ. ಮಧ್ಯೆ ಹಳೇ ಬನೀನ್ ಬಟ್ಟೆ. ಬ್ಲೌಸ್ ಕಡೆಗೆ ನಮ್ಮೂರ ಮಂಡಿಪೇಟೇಲಿ ತಂದಿದ್ದ ಕಪ್ಪು ಲೈನಿಂಗು. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರು ನಮ್ಮದು, ಇಂಥ ಕೆಲಸಕ್ಕೆ ಪಾಲಿಯೆಸ್ಟರ್ ಮುಟ್ಟಬಾರ್ದು ಅಂತ ನನಗೆ ಹೊಲಿಗೆ ಕಲಿಸಿದವರ ಮಾತು, ಇವತ್ತಿಗೂ ನಿಜ, ಪಾಲಿಯೆಸ್ಟರ್ ಬೆವರು ಹೀರಲ್ಲ, ಪಕ್ಕಕ್ಕೆ ಹರಿಸುತ್ತೆ. ಮೂರೂ ಪದರ ಸೇರಿಸಿ ಅಂಚು ಪೈಪಿಂಗ್ ಕೊಡ್ಬೇಡಿ, ಗಟ್ಟಿಯಾಗಿ ಚುಚ್ಚುತ್ತೆ, ಜಿಗ್‌ಜಾಗ್ ಅಥವಾ ಓವರ್‌ಲಾಕ್ ಸಾಕು. ಎರಡು ಚಂದ್ರನ ಒಳಬಳುಕನ್ನ ಒಂದಕ್ಕೊಂದು ಸೇರಿಸಿ ಹೊಲಿದು, ಹೊಲಿಗೆ ಅಂಚಿಗೆ ಸಣ್ಣ ಸಣ್ಣ ಕಟ್ ಕೊಟ್ರೆ ಆರ್ಮ್ ಹೋಲಿನ ಬಳುಕಿಗೆ ಸರಿಯಾಗಿ ಕೂರುತ್ತೆ. ಆ ಹೊಲಿಗೆ ಎರಡು ತುದಿಗೂ ಪಕ್ಕದ ಹೊಲಿಗೆ ಹತ್ರಾನೂ ಟಿಚ್ ಬಟನ್, ಇನ್ನರ್ಧ ಬ್ಲೌಸಿನ ಆರ್ಮ್ ಹೋಲ್ ಮಾರ್ಜಿನ್ನಿಗೆ. ಬಟನ್ ಚಪ್ಪಟೆ ಇರೋ ಭಾಗ ಮೈ ಕಡೆ ಬರೋ ಹಂಗೆ ನೋಡ್ಕೊಳ್ಳಿ.

ಅವಳು ಹಾಕ್ಕೊಂಡು ಹೋಗಿ ಬಂದು ಪ್ಯಾಡ್ ಬಿಚ್ಚಿ ತೋರಿಸಿದ್ಲು, ಪಂಚೆ ಬಟ್ಟೇಲಿ ಒದ್ದೆ ಇತ್ತು, ಆಚೆ ಕಡೆ ಕಪ್ಪು ಲೈನಿಂಗು ಒಣಗೇ ಇತ್ತು, ಬ್ಲೌಸಿನ ಮೇಲೆ ಬಿಳಿ ಇಲ್ಲ. ಕುರ್ತಾಕ್ಕೂ ಒಂದು ಜೊತೆ ಬೇಕು ಅಂದ್ಲು. ಕ್ರೇಪಿಗೆ ಟಿಚ್ ಬಟನ್ ಭಾರಕ್ಕೆ ಬಟ್ಟೆ ಜೋಲುತ್ತೆ, ಹಂಗಾಗಿ ಅಲ್ಲಿ ಮಾರ್ಜಿನ್ನಿಗೆ ಒಂದು ಕಾಟನ್ ಟೇಪ್ ಹೊಲಿದು ಅದರ ಮೇಲೆ ಬಟನ್ ಹಾಕ್ತಿದೀನಿ. ಎರಡು ಜೊತೆ ಹೊಲಿದಿಟ್ಕೊಳ್ಳಿ, ಒಂದು ಒಗೆದು ಒಣಗೋ ಹೊತ್ತಿಗೆ ಇನ್ನೊಂದು. ಪ್ಯಾಡ್ ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕ್ಬೇಡಿ, ಹಾಕಿದ್ರೆ ಪಂಚೆ ಬಟ್ಟೆ ಬೆವರು ಹೀರೋದು ಕಮ್ಮಿ ಮಾಡುತ್ತೆ.